ಹಟ್ಟಿಯ ಹಾಡಿಗೆ ಬೆಲೆ

ಸ್ವಂತ ಖರ್ಚಿನಲ್ಲಿ ಹಾಡು ಧ್ವನಿಮುದ್ರಿಸಿ ಆಲ್ಬಂ ಹೊರತರುವ ಗಾಯಕ ಕೊನೆಗೊಂದು ಅರ್ಜಿ ತುಂಬಬೇಕಾಗುತ್ತದೆ. ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್‌ಗಳಿಗೆ ಹಾಡು ತಲುಪಿಸುವ ವಿತರಕರು ಕೇಳುವುದು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು. ಹಾಡಿದವರು ಯಾರು? ಸಾಹಿತ್ಯ ಯಾರದು? ರಾಗ ಸಂಯೋಜನೆ ಯಾರದು? ಧ್ವನಿಮುದ್ರಣದ ಹಕ್ಕು ಯಾರ ಕೈಯಲ್ಲಿದೆ? ನೀಲಗಿರಿಯ ಮಂಜೂರಿನ ಬಡಗ ಯುವಕನೊಬ್ಬ ಅಜ್ಜಿಯ ಬಾಯಿಂದ ಕಲಿತ ಹಾಡುಗಳನ್ನು ಆಲ್ಬಂ ಮಾಡಿ ಈ ಅರ್ಜಿಯ ಮುಂದೆ ಕೂತಿದ್ದಾನೆ ಎಂದುಕೊಳ್ಳೋಣ. ಮೊದಲ ಪ್ರಶ್ನೆಗೂ ಕೊನೆಯದಕ್ಕೂ ಅವನಲ್ಲಿ ಉತ್ತರವಿದೆ. ನಡುವಿನ ಎರಡು ಪ್ರಶ್ನೆಗಳ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಅಜ್ಜಿ ಆ ಹಾಡು ಕಟ್ಟಿದವಳಲ್ಲ. ಅವಳಿಗೆ ಕಲಿಸಿದ ಅವಳ ಅತ್ತೆಯೂ ಅಲ್ಲ. ತಾನು ಕಟ್ಟದಿದ್ದುದನ್ನು ತನ್ನ ಹೆಸರಿನಲ್ಲಿ ಮಾರಬಹುದೇ? ದೇವರ ಮುಂದೆ ಹಾಡಿದ್ದಕ್ಕೆ ದುಡ್ಡು ಕೇಳಬಹುದೇ? ಅರ್ಜಿಯಲ್ಲಿ ಇದಕ್ಕೆಲ್ಲ ಜಾಗವಿರುವುದಿಲ್ಲ. ಆದರೆ ಇವನ್ನು ಕೇಳಿಕೊಳ್ಳದೆ ಹಾಡು ಮಾರಹೊರಟವನ ಕೈಯಲ್ಲಿ ಏನೋ ಒಂದು ಕೆಡುತ್ತದೆ.

ಮಂಜೂರು ಇರುವುದು ಉದಕಮಂಡಲದ ನೈಋತ್ಯಕ್ಕೆ, ಕುಂದೆ ಸೀಮೆಯಲ್ಲಿ. ಚಹಾ ತೋಟಗಳ ನಡುವೆ ಹರಡಿದ ಊರು. ಇಲ್ಲಿಂದ ಗೆದ್ದೆ, ಮುಳ್ಳಿ ಹಾದು ಕಾರಮಡೈಗೆ ಇಳಿಯುವ ರಸ್ತೆ 43 ಹೇರ್‌ಪಿನ್ ತಿರುವುಗಳಿಗೆ ಹೆಸರಾಗಿದೆ. ಬಡಗರು ತಮ್ಮ ನಾಡನ್ನು ನಾಲ್ಕು ಸೀಮೆಗಳಾಗಿ ಎಣಿಸುತ್ತಾರೆ. ತೊದನಾಡು, ಮೇಕುನಾಡು, ಪೊರಂಗಾಡುಗಳ ಜೊತೆ ನಾಲ್ಕನೆಯದು ಈ ಕುಂದೆ. ವಿಜಯನಗರ ಬಿದ್ದ ಮೇಲೆ ಮೈಸೂರಿನ ಬಯಲಿನಿಂದ ಬೆಟ್ಟ ಹತ್ತಿದೆವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. 1603ರಲ್ಲಿ ಮಲಬಾರಿನಿಂದ ನೀಲಗಿರಿಗೆ ಬಂದ ಜೆಸುಯಿಟ್ ಪಾದ್ರಿ ಫೆನಿಸಿಯೊ ಬಡಗರನ್ನು ಕಂಡದ್ದಾಗಿ ಬರೆದಿಟ್ಟಿದ್ದಾನೆ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿಯಾಗಿ ಬರೆಸಿದವರು ಸುಮಾರು 1,33,000 ಮಂದಿ. ಜನಗಣತಿ ಆ ಲೆಕ್ಕವನ್ನು ಕನ್ನಡದ ಅಡಿಯಲ್ಲೇ ಸೇರಿಸಿದೆ. ಬಡಗ ಬೇರೆಯೇ ನುಡಿ ಎನ್ನುವ ವಿದ್ವಾಂಸರೂ ಇದ್ದಾರೆ, ಅವರ ವಾದದಲ್ಲಿ ಬಲವಿದೆ. ಏನೇ ಇರಲಿ, ಹಟ್ಟಿ ಎಂದು ಕರೆಯುವ ಬಡಗರ ಊರೊಂದರಲ್ಲಿ ಹಾಡು ಎದ್ದಾಗ ಮೈಸೂರು ಕಡೆಯ ಕಿವಿಗೆ ಅದು ನೆಂಟರ ಮನೆಯ ಮಾತಿನಂತೆ ಕೇಳಿಸುತ್ತದೆ.

ಈ ಹಾಡುಗಳು ಮಾರುಕಟ್ಟೆಗೆ ಬಂದದ್ದು ಈಗಲ್ಲ. 1871ರಲ್ಲಿ ಚಾರ್ಲ್ಸ್ ಗೋವರ್ ಎಂಬ ಇಂಗ್ಲಿಷರವನು ದಕ್ಷಿಣ ಭಾರತದ ಜನಪದ ಹಾಡುಗಳ ಇಂಗ್ಲಿಷ್ ಪುಸ್ತಕವೊಂದನ್ನು ಮದರಾಸಿನ ಹಿಗ್ಗಿನ್‌ಬಾಥಮ್ಸ್ ಮೂಲಕ ಹೊರತಂದ. ಕನ್ನಡದ ದಾಸರ ಪದಗಳು, ಕೊಡವರ ಹಾಡುಗಳು, ತಮಿಳು, ತೆಲುಗು, ಮಲಯಾಳದವು ಎಲ್ಲವೂ ಅದರಲ್ಲಿದ್ದವು. ಬಡಗರ ಹಾಡುಗಳಿಗೇ ಒಂದು ಭಾಗ ಮೀಸಲಾಗಿತ್ತು. ಸಾವಿನ ಮನೆಯಲ್ಲಿ ಹಿರಿಯನೊಬ್ಬ ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳಿ ಕರುವಿನ ಮೇಲೆ ಹೊರಿಸುವ ಸಂಸ್ಕಾರದ ನುಡಿಗಳೂ ಅದರಲ್ಲಿ ಇಂಗ್ಲಿಷ್ ಪದ್ಯವಾಗಿ ಅಚ್ಚಾದವು. ಪುಸ್ತಕದ ಮೇಲೆ ಸಂಗ್ರಾಹಕನ ಹೆಸರಿದೆ. ಹಾಡಿದವರು ಹೆಸರಿಲ್ಲದೆ ಉಳಿದರು. ಹಾಡನ್ನು ಮಾರಬಾರದು ಎಂಬ ನೀತಿಪಾಠವನ್ನು ಇಂದಿನ ಹಟ್ಟಿಯ ಹುಡುಗನಿಗೆ ಹೇಳುವವರು, ಅದನ್ನು ಬೇರೆಯವರು ನೂರೈವತ್ತು ವರ್ಷಗಳಿಂದ ಮಾರುತ್ತಲೇ ಇದ್ದಾರೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನೂ ಹಿಂದಕ್ಕೆ ಹೋದರೂ ನೀಲಗಿರಿಯಲ್ಲಿ ಸಂಗೀತ ಪುಕ್ಕಟೆಯಾಗಿ ಸಿಗುತ್ತಿರಲಿಲ್ಲ. ಬಡಗರ ಮದುವೆ, ಸಾವು, ಹಬ್ಬಗಳಿಗೆ ವಾದ್ಯ ನುಡಿಸುತ್ತಿದ್ದವರು ಬೆಟ್ಟದ ಇನ್ನೊಂದು ಸಮುದಾಯವಾದ ಕೋತರು. ಕಬ್ಬಿಣದ ಕೆಲಸ, ಮಡಕೆ, ಮರಗೆಲಸದ ಜೊತೆ ಕೊಳ್ ಎಂಬ ಊದುವ ವಾದ್ಯವೂ ತಮಟೆಗಳೂ ಅವರ ಕೈಯಲ್ಲಿದ್ದವು. ಬಡಗರ ಒಂದೊಂದು ಮನೆಗೂ ಗೊತ್ತಾದ ಕೋತ ಮನೆಯೊಂದು ಇರುತ್ತಿತ್ತು. ಸುಗ್ಗಿಯಲ್ಲಿ ಆ ಮನೆಗೆ ಧಾನ್ಯ ಸಲ್ಲುತ್ತಿತ್ತು. ನಾದಕ್ಕೆ ರಾಗಿ, ಸಾಮೆಗಳೇ ಬೆಲೆ. ಅದು ಸಮಾನರ ನಡುವಿನ ವ್ಯವಹಾರವಾಗಿತ್ತೆಂದು ಹೇಳಲಾಗದು. ಕೋತರನ್ನು ಕೀಳೆಂದು ಕಂಡದ್ದೂ ಇದೇ ಚರಿತ್ರೆಯ ಭಾಗ. 1930ರ ದಶಕದ ಹೊತ್ತಿಗೆ ಬಡಗರಲ್ಲಿ ಸುಧಾರಣೆಯ ಗಾಳಿ ಬೀಸಿ, ಕೋತರ ವಾದ್ಯ ಬೇಕೇ ಬೇಡವೇ ಎಂದು ಹಟ್ಟಿಗಳಲ್ಲಿ ಪಕ್ಷಗಳಾದವು. ಹಳೆಯ ಕೊಡುಕೊಳುವಿಕೆ ಮುರಿದು ಬಿತ್ತು. ಕೋತರ ಏಳು ಊರುಗಳಲ್ಲಿ ಒಂದಾದ ಕುಂದೆ ಕೋತಗಿರಿ ಮಂಜೂರಿನ ಸೀಮೆಯಲ್ಲೇ ಇದೆ.

ಹೀಗಿರುವಾಗ ದೇವರ ಹಾಡಿಗೆ ಕಾಸು ಕೇಳುವುದೇ ಎಂಬ ಮಾತು ಎಲ್ಲಿಂದ ಬಂತು? ಅದಕ್ಕೆ ಗಟ್ಟಿಯಾದ ಬೇರಿದೆ, ಅದನ್ನು ಹಗುರವಾಗಿ ನೋಡುವಂತಿಲ್ಲ. ಪುರಂದರದಾಸರ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ನವಕೋಟಿ ನಾರಾಯಣನೆನಿಸಿದ ಚಿನಿವಾರ ಶ್ರೀನಿವಾಸ ನಾಯಕ ಹೆಂಡತಿಯ ಮೂಗುತಿಯ ಪ್ರಸಂಗದಲ್ಲಿ ಕಣ್ತೆರೆದು, ಇದ್ದುದನ್ನೆಲ್ಲ ದಾನ ಮಾಡಿ, ತಂಬೂರಿ ಹಿಡಿದು ಬೀದಿಗಿಳಿದ. ತಿರುವೈಯಾರಿನ ತ್ಯಾಗರಾಜರು ತಂಜಾವೂರಿನ ಸರ್ಫೋಜಿ ಮಹಾರಾಜ ಕಳಿಸಿದ ಕಾಣಿಕೆಯನ್ನು ಹಿಂದಕ್ಕೆ ಕಳಿಸಿದರೆಂಬ ಪ್ರತೀತಿಯಿದೆ. ಇವರಿಗಿಂತ ಮುಂಚೆ ಕವಿ ಹರಿಹರ ಹೊಯ್ಸಳರ ಆಸ್ಥಾನದ ಕರಣಿಕ ವೃತ್ತಿ ಬಿಟ್ಟು ಹಂಪೆಯ ವಿರೂಪಾಕ್ಷನ ಬಳಿ ಹೋದನೆಂದು ಪರಂಪರೆ ಹೇಳುತ್ತದೆ. ಹಾಡಿಗೂ ಹಣಕ್ಕೂ ದೂರ ಎಂಬ ನಂಬಿಕೆ ಇಂಥ ಕಥೆಗಳಿಂದಲೇ ಬೆಳೆದದ್ದು.

ಆದರೆ ಈ ಮೂವರೂ ನಿರಾಕರಿಸಿದ್ದು ಏನನ್ನು ಎಂದು ಹತ್ತಿರದಿಂದ ನೋಡಬೇಕು. ಹರಿಹರ ಒಲ್ಲೆನೆಂದದ್ದು ನರಸ್ತುತಿಯನ್ನು. ಅನ್ನ ಹಾಕುವ ಒಬ್ಬ ಒಡೆಯನನ್ನು ಹೊಗಳಿ ಬದುಕುವುದನ್ನು. ತ್ಯಾಗರಾಜರು ದೂರವಿಟ್ಟದ್ದೂ ಅರಮನೆಯ ಹಂಗನ್ನೇ. ಅವರು ಊಟ ಬಿಡಲಿಲ್ಲ. ಉಂಛವೃತ್ತಿಗೆ ಹೋದರು, ಹಾಡುತ್ತ ನಡೆದರು, ಬೀದಿಯ ಮನೆಗಳು ಅಕ್ಕಿ ಹಾಕಿದವು. ಪುರಂದರದಾಸರ ಮಧುಕರವೃತ್ತಿಯೂ ಅದೇ. ಒಬ್ಬ ರಾಜನ ಬದಲು ನೂರು ಮನೆಗಳು ಗಾಯಕನನ್ನು ಸಾಕಿದವು. ಯಾವ ಮನೆಯೂ ಅವನ ಒಡೆಯನಾಗುವಷ್ಟು ಕೊಡಲಿಲ್ಲ. ಸ್ವತಂತ್ರ ಸಂಗೀತಗಾರ ಇಂದು ಇನ್ನೂರು ಅಪರಿಚಿತರಿಗೆ ಆಲ್ಬಂ ಮಾರಿ ಬದುಕುವುದು ಅರಮನೆಗಿಂತ ಆ ಬೀದಿಗೇ ಹತ್ತಿರವಾಗಿದೆ. ಯಾರನ್ನೂ ಹೊಗಳದೆ, ಸಿನಿಮಾ ನಿರ್ಮಾಪಕನ ಮನೆ ಬಾಗಿಲು ಕಾಯದೆ, ತನಗೆ ಸರಿಯೆನಿಸಿದ ಹಾಡನ್ನು ಅವನು ಹಾಡಬಲ್ಲ. ಭಕ್ತಿ ಪರಂಪರೆ ಕಾಪಾಡಿದ ಸ್ವಾತಂತ್ರ್ಯ ಇದೇ.

ತ್ಯಾಗರಾಜರ ಕಥೆಗೆ ಕನ್ನಡನಾಡಿನ ಹೆಣ್ಣುಮಗಳೊಬ್ಬಳು ಬರೆದ ಮುಂದಿನ ಅಧ್ಯಾಯವೂ ಇದೆ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ (1878–1952) ಹಾಡಿಯೇ ಸಂಪಾದಿಸಿದವರು. ಮದರಾಸಿನಲ್ಲಿ ಕಚೇರಿಗಳು, ಗ್ರಾಮಫೋನ್ ತಟ್ಟೆಗಳು, ಮನೆ, ಒಡವೆ ಎಲ್ಲವೂ ಅವರ ಕಂಠದಿಂದ ಬಂದವು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆಯೆಂದು ತಿಳಿದಾಗ 1920ರ ದಶಕದಲ್ಲಿ ಆ ಜಾಗ ಕೊಂಡು, ತಮ್ಮ ಗಳಿಕೆ ಸುರಿದು ಗುಡಿ ಕಟ್ಟಿಸಿದರು. ಅಲ್ಲಿ ವರ್ಷವರ್ಷವೂ ನಡೆಯುವ ತ್ಯಾಗರಾಜರ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರು ಹೆಂಗಸರದೇ ಆರಾಧನೆ ಶುರುಮಾಡಿ ಆ ಬಾಗಿಲನ್ನೂ ತೆಗೆಸಿದರು. ಕಾಣಿಕೆ ಬೇಡವೆಂದ ಸಂತನ ನೆನಪು ಇಂದು ನಿಂತಿರುವುದು ಹಾಡು ಮಾರಿ ಗಳಿಸಿದ ಹಣದ ಮೇಲೆ. ಇದರಲ್ಲಿ ವಿರೋಧ ಕಾಣುವವರು ಕಾಣಲಿ. ನಾಗರತ್ನಮ್ಮನವರಿಗೆ ಅದು ಕಾಣಲಿಲ್ಲ, ತ್ಯಾಗರಾಜರಿಗೂ ಕಾಣುತ್ತಿರಲಿಲ್ಲ ಎಂದು ನಂಬಲು ಕಾರಣವಿದೆ. ನಾಗರತ್ನಮ್ಮನವರ ಮದರಾಸಿನ ಗಳಿಕೆಯ ಹಿಂದೆ ಇಷ್ಟಪಟ್ಟು ಕೇಳಿದವರ ದುಡ್ಡು ಇತ್ತು.

ಹಾಡಿಗೆ ದುಡ್ಡು ಪಡೆಯಬಹುದೇ ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಕೊಟ್ಟವರು ಹನ್ನೆರಡನೆಯ ಶತಮಾನದ ಶರಣರು. ಬಡಗರಲ್ಲಿ ಒಡೆಯರೆಂಬ ಪಂಗಡದವರು ಲಿಂಗಾಯತರೇ ಆದ್ದರಿಂದ ಕುಂದೆ ಸೀಮೆಗೆ ಈ ವಿಚಾರ ಹೊರಗಿನದಲ್ಲ. ಕಲ್ಯಾಣದ ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರು ಎಂಬುದು ಎಲ್ಲರೂ ಹೇಳುವ ಮಾತು. ಆದರೆ ಆ ದುಡಿಮೆಯ ಪಟ್ಟಿಯಲ್ಲಿ ಕಲೆಯೂ ಇತ್ತೆಂಬುದನ್ನು ಗಮನಿಸುವವರು ಕಡಿಮೆ. ಡಕ್ಕೆಯ ಬೊಮ್ಮಣ್ಣನ ಕಾಯಕ ಡಕ್ಕೆ ಬಾರಿಸುವುದು. ಬಹುರೂಪಿ ಚೌಡಯ್ಯನದು ವೇಷ ಕಟ್ಟಿ ಆಡುವುದು. ಕಿನ್ನರಿ ಬೊಮ್ಮಯ್ಯನ ಹೆಸರಿಗೆ ಅವನ ಕಿನ್ನರಿಯೇ ಅಂಟಿಕೊಂಡಿದೆ. ಮಡಿವಾಳ ಮಾಚಯ್ಯ ಬಟ್ಟೆ ಒಗೆದು, ಅಂಬಿಗರ ಚೌಡಯ್ಯ ಹುಟ್ಟು ಹಾಕಿ, ನುಲಿಯ ಚಂದಯ್ಯ ಹಗ್ಗ ಹೊಸೆದು ಬದುಕಿದಂತೆ ಇವರು ನಾದದಿಂದ, ವೇಷದಿಂದ ಬದುಕಿದರು. ಹಗ್ಗಕ್ಕೆ ಬೆಲೆ ಪಡೆಯುವುದು ಸರಿ, ಡಕ್ಕೆಯ ನಾದಕ್ಕೆ ಪಡೆಯುವುದು ತಪ್ಪು ಎಂಬ ಭೇದವನ್ನು ಶರಣರು ಮಾಡಲಿಲ್ಲ. ಮಾಡಿದ್ದರೆ ಬೊಮ್ಮಣ್ಣನಿಗೆ ಅನುಭವ ಮಂಟಪದಲ್ಲಿ ಜಾಗವೇ ಇರುತ್ತಿರಲಿಲ್ಲ.

ಶರಣರು ಗೆರೆ ಎಳೆದದ್ದು ಬೇರೆ ಕಡೆ. ಅದನ್ನು ತೋರಿಸುವುದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಕಳಿಸಿದಳು. ಅಕ್ಕಿ ತಂದದ್ದಕ್ಕೆ ಅವಳ ಆಕ್ಷೇಪವಿರಲಿಲ್ಲ. ಅಂದಿನ ಅಗತ್ಯ ಮೀರಿದ್ದು ಆಸೆಯ ಪಾಲಾಯಿತು ಎಂಬುದೇ ಆಕ್ಷೇಪ. ಕಾಯಕದಿಂದ ಬಂದದ್ದರಲ್ಲಿ ದಾಸೋಹಕ್ಕೆ ಪಾಲು ಸಲ್ಲಬೇಕು, ದುಡಿಮೆ ಶುದ್ಧವಾಗಿರಬೇಕು, ಮಿತಿ ತಿಳಿದಿರಬೇಕು. ಹಾಡು ಮಾರುವವನಿಗೆ ಈ ಮೂರೂ ಅನ್ವಯಿಸುತ್ತವೆ. ಮೊದಲನೆಯದು ಅವನಿಗೆ ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ. ಏಕೆಂದರೆ ಅವನ ಕೈಯಲ್ಲಿರುವ ಹಾಡಿನ ಅರ್ಧಪಾಲು ಅವನದಲ್ಲ.

ಮಾರಾಟದ ಪ್ರಶ್ನೆ ಇಷ್ಟಕ್ಕೆ ಬಗೆಹರಿಯಿತೆಂದು ಒಪ್ಪಿದರೂ ಅದರ ಹಿಂದೆಯೇ ಇನ್ನೂ ಕಠಿಣವಾದದ್ದು ಬರುತ್ತದೆ. ಅದು ಪ್ರಚಾರ. ಆಲ್ಬಂ ಮಾಡಿದವನು ತನ್ನ ಮುಖವನ್ನು ಪೋಸ್ಟರಿಗೆ ಹಾಕಬೇಕು, ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಬಿಡಬೇಕು, ವಾಟ್ಸಾಪ್ ಗುಂಪುಗಳಲ್ಲಿ ಕೇಳಿ, ಹಂಚಿ ಎಂದು ಬರೆಯಬೇಕು. ಪರಂಪರೆ ಕಲಿಸಿದ್ದು ಇದಕ್ಕೆ ತದ್ವಿರುದ್ಧ. ವಚನಕಾರರು ತಮ್ಮ ನುಡಿಯ ಕೊನೆಗೆ ಹಾಕಿದ್ದು ಕೂಡಲಸಂಗಮದೇವನ, ಗುಹೇಶ್ವರನ, ಚೆನ್ನಮಲ್ಲಿಕಾರ್ಜುನನ ಹೆಸರು. ದಾಸರ ಪದ ಮುಗಿಯುವುದು ವಿಠಲನಲ್ಲಿ, ಆದಿಕೇಶವನಲ್ಲಿ. ಹಾಡಿದವರು ಯಾರೆಂದು ಆ ಅಂಕಿತದಿಂದ ಗುರುತು ಹಿಡಿಯಬಹುದು, ಆದರೆ ಎದ್ದು ಕಾಣುವುದು ದೇವರ ಹೆಸರು. ಅಂಥ ಹಾಡನ್ನು ಹಾಡುತ್ತಲೇ ನನ್ನನ್ನು ನೋಡಿ ಎನ್ನುವುದರಲ್ಲಿ ಒಂದು ಇಕ್ಕಟ್ಟಿದೆ. ಸೂಕ್ಷ್ಮ ಮನಸ್ಸಿನ ಗಾಯಕರು ಅನುಭವಿಸುವ ಸಂಕೋಚ ಇದು, ಅದನ್ನು ಹೇಡಿತನವೆಂದು ತಳ್ಳಿಹಾಕಬಾರದು.

ಈ ಇಕ್ಕಟ್ಟನ್ನು ದಾಟಿದವರನ್ನು ಕನ್ನಡ ಕಂಡಿದೆ. ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಅಚ್ಚುಮಾಡಿಸಿ, ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಧಾರ್ಮಿಕ ಶ್ರದ್ಧೆಯ ಮನುಷ್ಯ. ಬಾಗಿಲು ತಟ್ಟಿ ನನ್ನ ಪುಸ್ತಕ ಕೊಳ್ಳಿ ಎನ್ನಲು ಅವರಿಗೆ ನಾಚಿಕೆಯಾಗಲಿಲ್ಲ. ಜನ ಓದಲಿ ಎಂಬ ಹಂಬಲ ನಾಚಿಕೆಗಿಂತ ದೊಡ್ಡದಾಗಿತ್ತು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಚಟ ಹತ್ತಿಸಿದ್ದರಲ್ಲಿ ಆ ಹೊರೆಗೆ ದೊಡ್ಡ ಪಾಲಿದೆ. ಅವರು ಮುಂದೆ ಮಾಡಿದ್ದು ಪುಸ್ತಕವನ್ನು, ತಮ್ಮನ್ನಲ್ಲ. ಆತ್ಮಪ್ರಶಂಸೆಗೂ ಪ್ರಚಾರಕ್ಕೂ ನಡುವಿನ ವ್ಯತ್ಯಾಸ ಇಷ್ಟೇ ಇರಬಹುದು, ಆದರೆ ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಹಾಡಿನ ಲೋಕದಲ್ಲೂ ಉದಾಹರಣೆಗಳಿವೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಭಾವಗೀತೆ ಮನೆಮನೆಗೆ ಕೊಂಡು ತರುವ ವಸ್ತುವಾಯಿತು. ಅದರಿಂದ ಕವಿತೆ ಸಣ್ಣದಾಗಲಿಲ್ಲ. ಮೈಸೂರಿನ ರಘು ದೀಕ್ಷಿತ್ ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿ ಇಲ್ಲವೆನಿಸಿಕೊಂಡ ಮೇಲೆ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂತು. ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅದನ್ನು ತಮ್ಮ ಲೇಬಲ್ಲಿನಲ್ಲಿ ಬಿಡುಗಡೆ ಮಾಡಿದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಆ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿ ಮುಟ್ಟಿತು. ಅವರು ಹೊತ್ತು ತಿರುಗಿದ್ದರಲ್ಲಿ ಶಿಶುನಾಳ ಶರೀಫರ ಪದಗಳೂ ಇದ್ದವು. 1889ರಲ್ಲಿ ತೀರಿಕೊಂಡ ಶರೀಫಜ್ಜ ಇಂಗ್ಲೆಂಡಿನ ವೇದಿಕೆ ಏರಿದ್ದು ಪಂಚೆ, ಗೆಜ್ಜೆ ತೊಟ್ಟ ಒಬ್ಬ ಗಾಯಕನ ಹಟದಿಂದ. ಕುಂದೆಗೆ ಇನ್ನೂ ಹತ್ತಿರದ ಉದಾಹರಣೆ ಮುಳ್ಳಿಯ ಗಡಿಯಾಚೆ ಇದೆ. ಅಟ್ಟಪ್ಪಾಡಿಯ ಇರುಳ ಸಮುದಾಯದ ನಂಜಿಯಮ್ಮ 2020ರ ಮಲಯಾಳ ಚಿತ್ರ ‘ಅಯ್ಯಪ್ಪನುಂ ಕೋಶಿಯುಂ’ಗೆ ಹಾಡಿದ ಇರುಳ ಹಾಡಿಗೆ 2022ರಲ್ಲಿ ಘೋಷಣೆಯಾದ ರಾಷ್ಟ್ರಪ್ರಶಸ್ತಿ ಬಂತು. ಸಂಗೀತ ಶಾಸ್ತ್ರ ಕಲಿಯದವರಿಗೆ ಇದು ಸಲ್ಲುವುದೇ ಎಂದು ಕೆಲವರು ತಕರಾರೆತ್ತಿದರು. ಬೆಟ್ಟದ ಹಾಡು ತನ್ನ ಬೆಲೆ ಕೇಳಿದಾಗಲೆಲ್ಲ ಇಂಥ ತಕರಾರು ಏಳುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ತತ್ತ್ವದ ಪ್ರಶ್ನೆಗೂ ಲೆಕ್ಕ ಬೇಕು. ಮಂಜೂರಿನ ಸಣ್ಣ ಚಹಾ ಬೆಳೆಗಾರನಿಗೆ ಬೆಲೆಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಹಸಿರೆಲೆ ಕಿತ್ತು ಕಾರ್ಖಾನೆಗೆ ಹಾಕುತ್ತಾನೆ. ಚಹಾಪುಡಿಯ ದರ ಕೂನೂರಿನ ಹರಾಜಿನಲ್ಲಿ ಗೊತ್ತಾಗುತ್ತದೆ, ಎಲೆಯ ದರ ಅದನ್ನು ಹಿಂಬಾಲಿಸುತ್ತದೆ. ತಾನು ಬೆಳೆದದ್ದಕ್ಕೆ ತಾನೇ ದರ ಹೇಳುವ ಅವಕಾಶ ಅವನಿಗಿಲ್ಲ, ಎಲೆ ದರಕ್ಕಾಗಿ ಹೋರಾಟ ನಡೆಯುತ್ತಲೇ ಬಂದಿದೆ. ಸ್ಟ್ರೀಮಿಂಗ್ ಕಂಪನಿಗೆ ಹಾಡು ಹಾಕಿದ ಗಾಯಕನ ಪಾಡೂ ಇದೇ. ಭಾರತದಲ್ಲಿ ಒಂದು ಸಲ ಹಾಡು ಕೇಳಿದ್ದಕ್ಕೆ ಸಿಗುವುದು ಕೆಲವು ಪೈಸೆ. 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ: ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ. ಇಂಗ್ಲಿಷ್, ಹಿಂದಿಗೆ ಆ ಸಂಖ್ಯೆ ಏನೂ ಅಲ್ಲ. 1,33,000 ಜನರ ನುಡಿಯಲ್ಲಿ, ಮುದುಕಿಯರಷ್ಟೇ ಬಲ್ಲ ಹಳೆಯ ಹಾಡೊಂದು ವರ್ಷಕ್ಕೆ ಸಾವಿರ ಸಲ ಮೊಳಗುವುದು ಖಾತ್ರಿಯಿಲ್ಲ. ಸಣ್ಣ ಭಾಷೆಯ ಹಾಡಿನ ಪೈಸೆಗಳು ದೊಡ್ಡ ಭಾಷೆಗಳ ಹಾಡಿನ ಕಣಜಕ್ಕೆ ಹೋಗುತ್ತವೆ. ಇದು ಅನ್ಯಾಯ, ಮೆತ್ತಗೆ ಹೇಳುವ ಅಗತ್ಯವಿಲ್ಲ.

ನೇರ ಮಾರಾಟದಲ್ಲಿ ಕಥೆ ಬೇರೆಯಾಗುತ್ತದೆ. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಗಾಯಕನೇ ಬೆಲೆ ಹಾಕುತ್ತಾನೆ. ಡಿಜಿಟಲ್ ಮಾರಾಟದಲ್ಲಿ ತಾಣಕ್ಕೆ ಶೇಕಡಾ 15 ಹೋಗುತ್ತದೆ, ಹಣ ಪಾವತಿಯ ಶುಲ್ಕ ಬೇರೆ. ಆಲ್ಬಮಿಗೆ 250 ರೂಪಾಯಿ ಇಟ್ಟು ಇನ್ನೂರು ಜನ ಕೊಂಡರೆ 50,000 ರೂಪಾಯಿ. ತಾಣದ ಪಾಲು 7,500 ಕಳೆದರೂ ನಲವತ್ತು ಸಾವಿರದ ಮೇಲೆ ಉಳಿಯುತ್ತದೆ. ಊಟಿ, ಕೊಯಮತ್ತೂರು, ಬೆಂಗಳೂರುಗಳಲ್ಲಿ ನೆಲೆಸಿದ ಬಡಗರಲ್ಲಿ ಇನ್ನೂರು ಕೊಳ್ಳುವವರು ಸಿಗುವುದು ಅಸಾಧ್ಯವೇನಲ್ಲ. 2007ರಲ್ಲಿ ಇಂಗ್ಲೆಂಡಿನ ರೇಡಿಯೊಹೆಡ್ ತಂಡ ತನ್ನ ‘ಇನ್ ರೇನ್‌ಬೋಸ್’ ಆಲ್ಬಂ ಅನ್ನು ಕೇಳುಗರೇ ಬೆಲೆ ಹಾಕಿಕೊಳ್ಳಲಿ ಎಂದು ಬಿಟ್ಟಿತ್ತು. ಉಂಛವೃತ್ತಿಯ ನಾಡಿನವರಿಗೆ ಅದರಲ್ಲಿ ಅಪರಿಚಿತವಾದದ್ದೇನಿದೆ?

ಅದಕ್ಕಿಂತ ನಮ್ಮದೇ ಎನ್ನಬಹುದಾದ ದಾರಿ ಕರಾವಳಿಯ ಯಕ್ಷಗಾನದ ಹರಕೆಯಾಟ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳಲ್ಲಿ ಒಬ್ಬ ಭಕ್ತ ಹರಕೆ ಹೊತ್ತು ಆಟದ ಖರ್ಚು ಕೊಡುತ್ತಾನೆ, ಊರಿಗೆ ಊರೇ ಟಿಕೆಟಿಲ್ಲದೆ ನೋಡುತ್ತದೆ. ಕಲಾವಿದರಿಗೆ ಸಂಬಳ ತಪ್ಪುವುದಿಲ್ಲ. ಹರಕೆ ಹೊತ್ತವನು ಪ್ರಸಂಗದಲ್ಲಿ ತನ್ನನ್ನು ಹೊಗಳಬೇಕೆಂದು ಕೇಳುವಂತಿಲ್ಲ, ಆಟ ಸಲ್ಲುವುದು ದೇವಿಗೆ. ಮುಂಗಡ ಚಂದಾದಾರಿಕೆಯ ದಾರಿಯೂ ಇದೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿ ಬೆಳೆದದ್ದು ಚಂದಾದಾರರ ಬಲದ ಮೇಲೆ. ಹಟ್ಟಿಗಳು ಮುಂಗಡ ಹಣ ಹಾಕಿ ಆಲ್ಬಂ ಮಾಡಿಸಿದರೆ ಗಾಯಕನಿಗೆ ಸಾಲವಿಲ್ಲ, ಆಮೇಲೆ ಹಾಡು ಎಲ್ಲರಿಗೂ ಉಚಿತವಾಗಿ ಸಿಕ್ಕರೂ ನಷ್ಟವಿಲ್ಲ. ಸಹಕಾರಿ ಚಹಾ ಕಾರ್ಖಾನೆಗಳನ್ನು ಕಟ್ಟಿದ ಸೀಮೆಗೆ ಒಟ್ಟಾಗಿ ಹಣ ಹಾಕುವುದು ಹೊಸ ವಿದ್ಯೆಯಲ್ಲ.

ಮಾರಬಾರದ್ದು ಎಂಬುದು ಹಾಗಾದರೆ ಇಲ್ಲವೇ? ಇದೆ. ಅದನ್ನು ವಿಂಗಡಿಸುವ ಜ್ಞಾನ ಬೆಟ್ಟದಲ್ಲೇ ಇದೆ. ಕೋತರ ಸಂಗೀತವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ರಿಚರ್ಡ್ ವುಲ್ಫ್ ತಮ್ಮ 2005ರ ಗ್ರಂಥದಲ್ಲಿ ವಿವರಿಸುವಂತೆ, ಕೋತರು ತಮ್ಮ ನಾದವನ್ನು ದೇವರದು, ಕುಣಿತದ್ದು, ಸಾವಿನದು ಎಂದು ಬೇರೆ ಬೇರೆ ಇಡುತ್ತಾರೆ. ದೇವರ ನಾದ ಸಾವಿನ ಜಾಗಕ್ಕೆ ಹೋಗಬಾರದು, ಸಾವಿನದು ದೇವರ ಜಾಗಕ್ಕೆ ಬರಬಾರದು. ಆಲ್ಬಂ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕೈಮರ ಬೇಕಿಲ್ಲ. ಕುಣಿತದ ಹಾಡು ಎಲ್ಲರೂ ಕೂಡಿ ಸಂತೋಷಪಡಲು ಇರುವುದು, ಅದು ಪೇಟೆಗೆ ಹೋಗಬಹುದು. ಕಥನಗೀತೆಗಳು, ಪ್ರೀತಿಯ ಹಾಡುಗಳು, ದುಡಿಮೆಯ ಹಾಡುಗಳು ಹೋಗಬಹುದು. ಆದರೆ ಸತ್ತವರ ಪಾಪವನ್ನು ಕರುವಿಗೆ ಹೊರಿಸುವ ನುಡಿಗೆ ಎದುರಲ್ಲೊಂದು ಹೆಣ ಇರಲೇಬೇಕು, ಹೌದೆಂದು ದನಿಗೂಡಿಸುವ ಬಂಧುಬಳಗ ಇರಬೇಕು. ಇವಿಲ್ಲದೆ ಅದನ್ನು ಸ್ಟುಡಿಯೊದಲ್ಲಿ ಹಾಡುವುದೆಂದರೆ ಇನ್ನೂ ಸಾಯದವರ ಮೇಲೆ ಪ್ರಾಯಶ್ಚಿತ್ತ ಹೊರಿಸಿದಂತೆ. ವಿದ್ವಾಂಸರು ದಾಖಲೆಗೆಂದು ಧ್ವನಿಮುದ್ರಿಸಿಡುವುದು ಬೇರೆ, ವಾಹನದಲ್ಲಿ ಹಾಕಿಕೊಂಡು ಹೋಗುವ ಆಲ್ಬಮಿಗೆ ಸೇರಿಸುವುದು ಬೇರೆ. ಬಡಗರ ದೇವಿ ಹೆತ್ತೆಯ ಹಬ್ಬಕ್ಕೆ ಬೇರಗಣಿ ಊರಿಗೆ ಬಿಳಿ ಬಟ್ಟೆ ಉಟ್ಟು ನಡೆದು ಹೋಗುವ ಭಕ್ತರ ಹಾಡುಗಳ ವಿಷಯದಲ್ಲಿ ತೀರ್ಮಾನ ಹಟ್ಟಿಯ ಹಿರಿಯರದು. ಕೇಳದೆ ಮುದ್ರಿಸುವ ಹಕ್ಕು ಅಲ್ಲೇ ಹುಟ್ಟಿದ ಮಗನಿಗೂ ಇಲ್ಲ.

ಕಾನೂನು ಈ ವಿವೇಕಕ್ಕೆ ಹೆಚ್ಚು ನೆರವಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಮುದಾಯದ ಹಾಡಿಗೆ ಸಮುದಾಯವನ್ನೇ ಒಡೆಯನೆಂದು ಕಾಣುವ ಕಲಮಿಲ್ಲ. ಪರಂಪರೆಯ ಹಾಡು ಎಲ್ಲರ ಸೊತ್ತು, ಅದನ್ನು ಮುದ್ರಿಸಿದವನಿಗೆ ಆ ಮುದ್ರಿಕೆಯ ಮೇಲೆ 60 ವರ್ಷ ಹಕ್ಕು. ಇದರಲ್ಲೊಂದು ಅಪಾಯ ಅಡಗಿದೆ. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಸ್ವರ ಹೋಲಿಸಿ ಹಕ್ಕು ಸಾಧಿಸುತ್ತದೆ. ಹಳೆಯ ಹಾಡನ್ನು ಮೊದಲು ನೋಂದಾಯಿಸಿದವನ ಹೆಸರಿನಲ್ಲಿ, ನಾಳೆ ಅದೇ ಹಾಡು ಹಾಡುವ ಇನ್ನೊಬ್ಬರ ಹಬ್ಬದ ವಿಡಿಯೊಗೆ ತಡೆ ಬೀಳಬಹುದು. ಅಜ್ಜಿಯಿಂದ ಪಡೆದ ಹಾಡನ್ನು ಮೊಮ್ಮಗ ಆಲ್ಬಂ ಮಾಡಿ, ಆ ಆಲ್ಬಂ ಅಜ್ಜಿಯ ಓರಗೆಯವರ ಬಾಯಿ ಮುಚ್ಚಿಸಿದರೆ ಅದು ಶರಣರ ಅರ್ಥದಲ್ಲಿ ಕಾಯಕವೂ ಅಲ್ಲ, ದಾಸೋಹವೂ ಅಲ್ಲ. ಆದ್ದರಿಂದ ಸಂಯೋಜಕರ ಜಾಗದಲ್ಲಿ ಬಡಗ ಪರಂಪರೆ ಎಂದೂ, ವಾದ್ಯ ಹೊಂದಿಸಿದವರ ಜಾಗದಲ್ಲಿ ತನ್ನ ಹೆಸರನ್ನೂ ಬರೆದು, ಕಂಟೆಂಟ್ ಐಡಿಗೆ ಹಾಡನ್ನು ಒಪ್ಪಿಸದಿರುವುದು ಪ್ರಾಮಾಣಿಕ ದಾರಿ. ಯಾರಿಂದ, ಯಾವ ಹಟ್ಟಿಯಲ್ಲಿ ಕಲಿತದ್ದು ಎಂಬುದನ್ನು ಅವರ ಒಪ್ಪಿಗೆ ಪಡೆದು ಆಲ್ಬಮಿನ ವಿವರಣೆಯಲ್ಲಿ ಹಾಕಬೇಕು. ಗೋವರನ ಪುಸ್ತಕದಲ್ಲಿ ಬಿಟ್ಟುಹೋದ ಸಾಲು ಅದು.

ಕಾನೂನು ನೆರವಾಗುವ ಜಾಗವೂ ಒಂದಿದೆ, ಅದನ್ನು ಬಳಸುವವರು ಕಡಿಮೆ. 2012ರ ತಿದ್ದುಪಡಿ ಗೀತರಚನಕಾರ, ಸಂಯೋಜಕರ ರಾಯಲ್ಟಿಯನ್ನು ಬಿಟ್ಟುಕೊಡಿಸಿಕೊಳ್ಳಲಾಗದಂತೆ ಭದ್ರಗೊಳಿಸಿತು. ಹಾಡಿದವರಿಗೂ ನುಡಿಸಿದವರಿಗೂ ವಾಣಿಜ್ಯ ಬಳಕೆಯ ರಾಯಲ್ಟಿಯಲ್ಲಿ ಪಾಲಿದೆ ಎಂದಿತು. ಪ್ರದರ್ಶಕರ ಈ ಹಕ್ಕು 50 ವರ್ಷ ಉಳಿಯುತ್ತದೆ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು ಐದೇ ವರ್ಷದ್ದೆಂದು ಕಾಯ್ದೆ ತಿಳಿಯುತ್ತದೆ. ವಾದ್ಯದವರಿಗೆ ದಿನದ ಸಂಭಾವನೆ ಕೊಟ್ಟು ಕಳಿಸುವ ರೂಢಿ ಸ್ಟುಡಿಯೊಗಳಲ್ಲಿ ಎಲ್ಲೆಡೆ ಇದೆ. ಮಂಜೂರಿನ ಗಾಯಕ ಕುಂದೆ ಕೋತಗಿರಿಯಿಂದ ಕೊಳ್ ನುಡಿಸುವವರನ್ನು ಕರೆಸಿದರೆ ಆ ರೂಢಿಯನ್ನು ಮುರಿಯಬೇಕು. ಸುಗ್ಗಿಯ ಧಾನ್ಯದಲ್ಲಿ ಕೋತ ಮನೆಗೆ ಪಾಲು ಇದ್ದಂತೆ ಆಲ್ಬಮಿನ ಆದಾಯದಲ್ಲೂ ಪಾಲು ಇರಲಿ, ಈ ಸಲ ಮೇಲುಕೀಳಿಲ್ಲದೆ, ಇಬ್ಬರ ಸಹಿಯೊಂದಿಗೆ. ಮುದ್ರಣ ಶುರುವಾಗುವ ಮುಂಚೆಯೇ ಎರಡೂ ಕಡೆಯವರಿಗೆ ಓದಲು ಬರುವ ತಮಿಳಿನಲ್ಲಿ ಒಂದು ಪುಟದ ಒಪ್ಪಂದ ಬರೆದುಕೊಳ್ಳಬೇಕು. ನುಡಿಸಿದವರ ಪೂರ್ತಿ ಹೆಸರು, ಯಾವ ಯಾವ ಹಾಡು, ಆ ದಿನದ ಸಂಭಾವನೆ ಎಷ್ಟು, ಆಮೇಲಿನ ಆದಾಯದಲ್ಲಿ ಶೇಕಡಾವಾರು ಎಷ್ಟು, ಲೆಕ್ಕ ತೋರಿಸುವುದು ವರ್ಷದ ಯಾವ ತಿಂಗಳಲ್ಲಿ ಎಂಬುದೆಲ್ಲ ಅದರಲ್ಲಿ ಇರಬೇಕು.